ಲಕ್ಷ್ಮೀಪತಿ ಮೇಷ್ಟ್ರ ಪರವಲಯ

ಎಲ್ಲಕ್ಕೂ ಕಾರಣ ಒಂದು ಸೀಮೆಸುಣ್ಣದ ಗೆರೆ. ಆ ಗೆರೆ ಡೊಂಕಾಗಿತ್ತು. ಆದರೆ ಎಷ್ಟು ಡೊಂಕಾಗಿರಬೇಕೋ ಅಷ್ಟೇ ಡೊಂಕಾಗಿತ್ತು. ಅದೇ ತೊಂದರೆಯಾದದ್ದು.

ಶುಕ್ರವಾರ ಬೆಳಿಗ್ಗೆ ಎರಡನೇ ಪೀರಿಯಡ್ಡಿಗೆ ಲಕ್ಷ್ಮೀಪತಿ ಮೇಷ್ಟ್ರು ಹತ್ತನೇ ತರಗತಿಗೆ ಕಾಲಿಟ್ಟಾಗ ಕರಿಹಲಗೆಯ ಮೇಲೆ ಅದು ಇತ್ತು. ಎಡಗಡೆಯಿಂದ ಎದ್ದು, ಹಲಗೆಯ ನೆತ್ತಿಯ ಹತ್ತಿರ ಒಂದು ಗಳಿಗೆ ನಿಂತ ಹಾಗೆ ಮಾಡಿ, ಏರಿದಷ್ಟೇ ಹದವಾಗಿ ಬಲಗಡೆಗೆ ಇಳಿದಿತ್ತು. ಎಲ್ಲಿಯೂ ಕೈ ನಡುಗಿರಲಿಲ್ಲ, ಸುಣ್ಣದ ಕಡ್ಡಿ ಎತ್ತಿ ಮತ್ತೆ ಊರಿದ ಗುರುತಿರಲಿಲ್ಲ. ಗರ್ಭಗುಡಿಯ ಪ್ರಭಾವಳಿಯ ಹಾಗಿತ್ತು. ನಡುವೆ ದೇವರನ್ನು ಕೂರಿಸುವುದೊಂದೇ ಬಾಕಿ.

ಮೊದಲ ಪೀರಿಯಡ್ಡು ಚಕ್ರಪಾಣಿಯದು. ಭೌತಶಾಸ್ತ್ರದ ಮೇಷ್ಟ್ರು, ರಾಜಾಜಿನಗರದ ಈ ಹೈಸ್ಕೂಲಿಗೆ ಬಂದು ಇನ್ನೂ ಹತ್ತು ತಿಂಗಳು. ಎಸೆದ ಚೆಂಡು ಮೇಲೇರಿ ಕೆಳಗಿಳಿಯುವ ದಾರಿಯನ್ನು ಮಕ್ಕಳಿಗೆ ಬರೆದು ತೋರಿಸಿ ಅಳಿಸದೆ ಹೋಗಿದ್ದ. ಚೆಂಡಿನ ದಾರಿಗೂ ಬೀಜಗಣಿತದ ವರ್ಗಸಮೀಕರಣದ ನಕ್ಷೆಗೂ ಒಂದೇ ಆಕಾರ, ಎರಡಕ್ಕೂ ಪರವಲಯ ಎಂದೇ ಹೆಸರು. ಆದರೆ ಬೀಜಗಣಿತ ಲಕ್ಷ್ಮೀಪತಿ ಮೇಷ್ಟ್ರದು. ಹದಿನೆಂಟು ವರ್ಷಗಳಿಂದ ಆ ಶಾಲೆಯಲ್ಲಿ ಪರವಲಯ ಎಂದರೆ ಲಕ್ಷ್ಮೀಪತಿ, ಲಕ್ಷ್ಮೀಪತಿ ಎಂದರೆ ಪರವಲಯ. ತಮ್ಮ ಹಿತ್ತಲಿನ ಸೀಬೆಮರಕ್ಕೆ ಪಕ್ಕದ ಮನೆಯವನು ಏಣಿ ಹಾಕಿದ್ದನ್ನು ಕಂಡವರ ಹಾಗೆ ಅವರು ಹಲಗೆಯನ್ನೇ ದಿಟ್ಟಿಸಿ ನಿಂತರು.

ಅವರ ಪದ್ಧತಿಯೇ ಬೇರೆ. ಎಕ್ಸ್‌ಗೆ ಮೈನಸ್ ಮೂರರಿಂದ ಪ್ಲಸ್ ಮೂರರವರೆಗೆ ಬೆಲೆ ಕೊಟ್ಟು, ಒಂದೊಂದನ್ನೂ ವರ್ಗ ಮಾಡಿ, ಒಂಬತ್ತು, ನಾಲ್ಕು, ಒಂದು, ಸೊನ್ನೆ, ಒಂದು, ನಾಲ್ಕು, ಒಂಬತ್ತು ಎಂದು ಮಗ್ಗಿ ಒಪ್ಪಿಸಿದಂತೆ ಹೇಳಿ ಏಳು ಚುಕ್ಕೆ ಇಡುವರು. ಇಲ್ಲಿಯವರೆಗೆ ಬ್ರಹ್ಮನೇ ಬಂದರೂ ತಪ್ಪು ಹುಡುಕಲಾರ. ಆಮೇಲೆ ಚುಕ್ಕೆಗಳನ್ನು ಸೇರಿಸಬೇಕು. ಬರಿಗೈಯಲ್ಲಿ ಎಳೆದರೆ ಅವರ ಗೆರೆ ಬಿಸಿಲಿಗೆ ಬಿದ್ದ ಎರೆಹುಳುವಿನಂತೆ ಹೊರಳುತ್ತಿತ್ತು. ಅದಕ್ಕೆ ಅಡಿಕೋಲು ಇಟ್ಟು ಸೇರಿಸುವರು. ಬರುತ್ತಿದ್ದದ್ದು ಗಾಳಿಗೆ ಕಡ್ಡಿ ಮುರಿದ ಕೊಡೆ. ಅವರ ಶಿಷ್ಯನೊಬ್ಬ ಪರೀಕ್ಷೆಯಲ್ಲಿ ‘ಪರವಲಯಕ್ಕೆ ಐದು ಮೂಲೆಗಳಿವೆ’ ಎಂದು ಬರೆದು ಬಂದದ್ದೂ ಉಂಟು.

ಅಳಿಸುವ ಬಟ್ಟೆ ಕೈಗೆ ತೆಗೆದುಕೊಂಡರು. ಅಷ್ಟರಲ್ಲಿ ಜಗಲಿಯಲ್ಲಿ ಹಾದುಹೋಗುತ್ತಿದ್ದ ಹೆಡ್ಮಾಸ್ಟರು ವೆಂಕಟರಮಣಪ್ಪ ಬಾಗಿಲಲ್ಲಿ ಇಣುಕಿದರು. ಹಲಗೆ ನೋಡಿದರು. ಕನ್ನಡಕ ಮೇಲಕ್ಕೇರಿಸಿ ಇನ್ನೊಮ್ಮೆ ನೋಡಿದರು.

“ಭಲೇ ಲಕ್ಷ್ಮೀಪತಿ! ಹದಿನೆಂಟು ವರ್ಷಕ್ಕೆ ಕೈ ತಿರುಗಿತಲ್ರೀ ನಿಮ್ದು! ಎಂಥ ಗೆರೆ, ಎಂಥ ಗೆರೆ!”

ನಿಜ ಹೇಳಬೇಕೆಂದೇ ಮೇಷ್ಟ್ರು ಬಾಯಿ ತೆರೆದರು. ಬಂದದ್ದು ಬೇರೆ. “ಏನೋ ಸಾರ್, ದೇವರ ದಯೆ.”

ಮುಂದಿನ ಬೆಂಚಿನ ಸೀತಾ ಎದ್ದು ನಿಂತಳು. ಸತ್ಯ ನುಡಿಯುವುದರಲ್ಲಿ ಆ ಹುಡುಗಿಗೆ ತರಗತಿಯಲ್ಲಿ ಮೊದಲ ಸ್ಥಾನ. “ಸಾರ್, ಅದು ಚಕ್ರಪಾಣಿ ಸಾರ್ ಬರೆದಿದ್ದು ಸಾರ್. ಚೆನ್ನಾಗಿದೆ, ಅಳಿಸಬೇಡಿ ಅಂತ ನಾವೇ ಕೇಳ್ಕೊಂಡ್ವಿ ಸಾರ್.”

ಹೆಡ್ಮಾಸ್ಟರು ಕೆಮ್ಮಿದರು. ಮಾತು ಬದಲಾಯಿಸಲೆಂದು ಆಡಿದ ಮಾತು ಇನ್ನೂ ಕೆಟ್ಟದ್ದಾಯಿತು. “ಹ್ಞಾ, ಇದೇ ವಿಷಯ ಹೇಳೋಣ ಅಂತಿದ್ದೆ. ಸೋಮವಾರ ಇನ್‌ಸ್ಪೆಕ್ಟರ್ ಬರ್ತಾರೆ. ಇದೇ ತರಗತಿಗೆ ಇದೇ ಪರವಲಯದ ಮಾದರಿ ಪಾಠ. ಯಾರು ಮಾಡೋದು ಅನ್ನೋದನ್ನ ನಮ್ಮ ವಿದ್ಯಾಸಂಘದ ಸೆಕ್ರೆಟರಿಗಳು ಇವತ್ತು ಸಂಜೆ ಬಂದು ಗೊತ್ತು ಮಾಡ್ತಾರೆ. ಯಾರ್ಯಾರದು ಏನೇನು ಅರ್ಜಿ ಇದೆಯೋ ಐದು ಗಂಟೆ ಒಳಗೆ ಗುಮಾಸ್ತ ಕೆಂಚಪ್ಪನ ಕೈಗೆ ಕೊಟ್ಬಿಡಿ.”

ಮಾದರಿ ಪಾಠ ಮಾಡಿದವನಿಗೆ ಬರುವ ವರ್ಷದ ಹತ್ತನೇ ತರಗತಿಯ ಬೀಜಗಣಿತ, ಉಳಿದವನಿಗೆ ಎಂಟನೇ ತರಗತಿಯ ಭಿನ್ನರಾಶಿ. ಇದು ಎಲ್ಲೂ ಬರೆದಿಟ್ಟ ನಿಯಮವಲ್ಲ. ಆದರೆ ಎಲ್ಲರಿಗೂ ಗೊತ್ತಿದ್ದ ನಿಯಮ.

ಹೊಟ್ಟೆಯಲ್ಲಿ ಹಸಿವಿನ ಕಿಚ್ಚು ಎದ್ದರೆ ಎರಡು ತುತ್ತು ಅನ್ನ ಹಾಕಿ ಆರಿಸಬಹುದು. ಅದೇ ಹೊಟ್ಟೆಯಲ್ಲಿ ಇನ್ನೊಂದು ಕಿಚ್ಚಿದೆ. ಅದಕ್ಕೆ ಪಕ್ಕದವನ ಹೆಸರೇ ಸೌದೆ. ಬೆಳಿಗ್ಗೆ ಸಂಧ್ಯಾವಂದನೆ ಮಾಡಿ, ಹಣೆಗೆ ನಾಮ ಇಟ್ಟು, ಎಲ್ಲರಿಗೂ ಒಳ್ಳೆಯದಾಗಲಿ ಎಂದು ಕೈಮುಗಿದು ಬಂದಿದ್ದ ಮೇಷ್ಟ್ರಿಗೆ, ಆ ‘ಎಲ್ಲರಿಗೂ’ ಎನ್ನುವಲ್ಲಿ ಚಕ್ರಪಾಣಿಯೂ ಸೇರಿಬಿಟ್ಟಿದ್ದನಲ್ಲ ಎಂದು ಈಗ ಹೊಳೆಯಿತು.

ಹನ್ನೊಂದು ಗಂಟೆಯ ಬಿಡುವಿನಲ್ಲಿ ಉಪಾಧ್ಯಾಯರ ಕೋಣೆಗೆ ಹೋದರೆ ಅಲ್ಲಿಯೂ ಅವನೇ. ನಗುಮುಖ, ಇಸ್ತ್ರಿ ಮಾಡಿದ ಬುಷ್‌ಶರ್ಟು. ಶನಿವಾರ ಶಾಲೆ ಬಿಟ್ಟ ಕೂಡಲೇ ಈತ ಚೀಲ ತೂಗುಹಾಕಿಕೊಂಡು ಬಸ್ಸಿಗೆ ಓಡುವುದನ್ನು ಮೇಷ್ಟ್ರು ಎಷ್ಟೋ ಸಲ ನೋಡಿದ್ದರು. ಯಾರೋ ದೊಡ್ಡವರ ಮನೆಗೆ ಪಾಠ ಹೇಳಲು ಹೋಗುತ್ತಾನೆ, ಆ ದೊಡ್ಡವರು ಸೆಕ್ರೆಟರಿಯೇ ಇರಬೇಕು ಎಂದು ಅವರಷ್ಟಕ್ಕೆ ಅವರೇ ತೀರ್ಮಾನಿಸಿದ್ದರು.

ಚಕ್ರಪಾಣಿ ಎದ್ದು ಬಂದು ಕೈ ಹಿಡಿದುಕೊಂಡ. “ಸಾರ್, ನೀವು ಹಿರಿಯರು. ಇವತ್ತು ಸೆಕ್ರೆಟರಿಗಳಿಗೆ ಒಂದು ಅರ್ಜಿ ಕೊಡ್ತಾ ಇದೀನಿ. ಅದೊಂದು ಸಿಕ್ಕಿಬಿಟ್ರೆ ಸಾಕು ಸಾರ್, ನನ್ನ ಬದುಕು ನೆಟ್ಟಗಾಗುತ್ತೆ. ಇರೋದು ಒಂದೇ ಒಂದು. ಆಶೀರ್ವಾದ ಮಾಡಿ.”

‘ಅದೊಂದು’ ಯಾವುದು ಎಂದು ಬೇರೆ ಯಾರಾದರೂ ಕೇಳುತ್ತಿದ್ದರು. ಲಕ್ಷ್ಮೀಪತಿ ಮೇಷ್ಟ್ರಿಗೆ ಕೇಳುವ ಅಗತ್ಯವೇ ಬೀಳಲಿಲ್ಲ. “ಆಗಲಿ, ಆಗಲಿ,” ಎಂದರು. ಹುಣಿಸೆಕಾಯಿ ಕಚ್ಚಿದವರ ಮುಖ.

ಅಷ್ಟರಲ್ಲಿ ಗುಮಾಸ್ತ ಕೆಂಚಪ್ಪ ಒಂದು ಕಾಗದ ಹಿಡಿದು ಬಂದ. ಆಡಳಿತವೆಲ್ಲ ಕನ್ನಡದಲ್ಲೇ ನಡೆಯಬೇಕೆಂಬ ಮಾತು ಆ ದಿನಗಳಲ್ಲಿ ಎಲ್ಲ ಕಡೆ ಎದ್ದಿತ್ತು. ಕೆಂಚಪ್ಪ ಅದನ್ನು ವ್ರತದಂತೆ ಹಿಡಿದಿದ್ದ. ಫೈಲನ್ನು ಕಡತ ಮಾಡಿದ, ಸರ್ಕ್ಯುಲರನ್ನು ಸುತ್ತೋಲೆ ಮಾಡಿದ, ರಬ್ಬರ್ ಸ್ಟ್ಯಾಂಪನ್ನು ಏನು ಮಾಡಬೇಕೆಂದು ತಿಳಿಯದೆ ಒಂದು ವಾರ ಊಟ ಬಿಟ್ಟಿದ್ದ. “ಐದಕ್ಕೆ ಸರಿಯಾಗಿ ಕಡತ ಕಟ್ತೀನಿ, ಸ್ವಾಮಿ. ಇಂಗ್ಲಿಷು ಬೆರೆಸಿದ ಅರ್ಜಿ ತಗೊಳಲ್ಲ,” ಎಂದು ಎಲ್ಲರಿಗೂ ಹೇಳಿ ಹೋದ.

ಮಧ್ಯಾಹ್ನದ ಗಂಟೆ ಹೊಡೆದದ್ದೇ ಮೇಷ್ಟ್ರು ಸೈಕಲ್ ಹತ್ತಿ ಹೊಸಹಳ್ಳಿಯ ಮನೆಗೆ ಬಂದರು. ಗೃಹಪ್ರವೇಶವಾಗಿ ಇನ್ನೂ ಎರಡು ವರ್ಷ ತುಂಬದ ಮನೆ. ಗೋಡೆಯ ಸುಣ್ಣ ಇನ್ನೂ ಕೈಗೆ ಅಂಟುತ್ತಿತ್ತು. ತಟ್ಟೆಯ ಮುಂದೆ ಕೂರದೆ, ಹೆಂಡತಿಯ ರಂಗೋಲಿ ಡಬ್ಬ ಎತ್ತಿಕೊಂಡು, ಗ್ರಾಫ್ ಪುಸ್ತಕ ತೆರೆದಿಟ್ಟು, ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಏಳು ಚುಕ್ಕೆ ಇಟ್ಟರು.

ಹೆಂಡತಿ ಅಂಬುಜಾ ಹೊಸ್ತಿಲಿಗೆ ಬಂದರು. “ಇದೇನ್ರೀ, ಸಾರು ಆರ್ತಾ ಇದೆ, ನೀವು ಚುಕ್ಕಿ ಇಡ್ತಾ ಇದೀರ?”

“ಪರವಲಯ ಕಣೇ. ಇದು ಇವತ್ತು ನನಗೇ ಸಿಗಬೇಕು. ಆ ಚಕ್ರಪಾಣಿಗೆ ಹೋದರೆ ನಾನು ಮುಖ ಎತ್ಕೊಂಡು ತಿರುಗೋ ಹಾಗಿಲ್ಲ.”

ಮೊದಲ ಸಲ ಎಳೆದರು, ಎರೆಹುಳು ಬಂತು. ಎರಡನೇ ಸಲ ಅಡಿಕೋಲು ಇಟ್ಟರು, ಕೊಡೆ ಬಂತು. ಅಂಬುಜಮ್ಮ ಸೆರಗು ಸಿಕ್ಕಿಸಿ ಇಳಿದು ಬಂದು, ಅವೆಲ್ಲವನ್ನೂ ಅಂಗೈಯಲ್ಲಿ ಒರೆಸಿ, ಹೊಸದಾಗಿ ಏಳು ಚುಕ್ಕೆ ಇಟ್ಟು, ಎರಡು ಬೆರಳಲ್ಲಿ ಪುಡಿ ಹಿಡಿದು ಒಂದೇ ಉಸಿರಿಗೆ ಎಳೆದುಬಿಟ್ಟರು. ಹೊಸ್ತಿಲಲ್ಲಿ ನಿಂತು ನೋಡಿದರೆ ತೀರ್ಥಕ್ಕೆ ಚಾಚಿದ ಬೊಗಸೆಯಂತೆ ಪರವಲಯ ಅಂಗಳದಲ್ಲಿ ಅರಳಿ ಮಲಗಿತ್ತು.

“ಇಷ್ಟೇ ತಾನೆ? ಸೋಮವಾರ ನಾನೇ ಬಂದು ಎಳೀಲಾ?”

ಮೇಷ್ಟ್ರಿಗೆ ನಗು ಬರಲಿಲ್ಲ. ಇಪ್ಪತ್ತು ವರ್ಷ ಒಂದೇ ಸೂರಿನ ಕೆಳಗಿದ್ದೂ ಇವಳು ಈ ವಿದ್ಯೆಯನ್ನು ಬಚ್ಚಿಟ್ಟಿದ್ದಳಲ್ಲ ಎಂದು ಒಳಗೇ ಉರಿಯಿತು. ಅವಳು ಬಚ್ಚಿಟ್ಟಿದ್ದದ್ದು ಮನೆಯ ಮುಂದೆಯೇ. ದಿನಾ ಬೆಳಿಗ್ಗೆ ಅದನ್ನು ದಾಟಿಕೊಂಡೇ ಅವರು ಶಾಲೆಗೆ ಹೋಗುತ್ತಿದ್ದರು.

ಪಕ್ಕದ ಮನೆಯ ಚಿಕ್ಕಲಕ್ಷ್ಮಮ್ಮ ಬೇಲಿಯಾಚೆಯಿಂದ ಎಲ್ಲವನ್ನೂ ನೋಡುತ್ತಿದ್ದಳು. ಹಳೆಯ ಹೊಸಹಳ್ಳಿಯವಳು. ಈ ಬಡಾವಣೆ ಅವಳ ಮಾವನ ಹೊಲವಾಗಿದ್ದಾಗಿನಿಂದ ಅಲ್ಲಿಯೇ ಇದ್ದವಳು. “ಅಮ್ಮೋರ ಕೈ ಅಂದ್ರೆ ಕೈ ಸೋಮಿ, ಅದು ನಿಮ್ಗೆ ಬರಾಕಿಲ್ಲ ಬುಡಿ. ಒಂದು ಹಗ್ಗ ತಗಂಡು ಎರಡೂ ತುದಿ ಕಿಟಕಿಗೆ ಕಟ್ಟಿ ಸಡಿಲ ಬುಟ್ರೆ ತಾನೇ ಜೋತು ಬೀಳ್ತದೆ. ಅದರ ಮೇಲೆ ಬಳಪ ಓಡ್ಸಿದ್ರಾಯ್ತು. ನಮ್ಮ ಗೌರಿ ಗೂಟದ ತಾವ ಐತೆ, ತಗಳಿ.”

ಜೋತುಬಿದ್ದ ಹಗ್ಗದ ಬಳುಕು ನಿಜವಾದ ಪರವಲಯವಲ್ಲ, ನೋಡಲಷ್ಟೇ ಹಾಗೆ ಕಾಣುತ್ತದೆ ಎಂಬುದು ಮೇಷ್ಟ್ರಿಗೆ ಗೊತ್ತಿತ್ತು. ಆದರೆ ಇನ್‌ಸ್ಪೆಕ್ಟರಿಗೆ ಗೊತ್ತಿರಲಾರದು ಎಂಬ ಧೈರ್ಯದಿಂದ ಗೂಟದ ಹತ್ತಿರ ಹೋಗಿ ಹಗ್ಗ ಬಿಚ್ಚಿದರು. ಹಗ್ಗದ ಇನ್ನೊಂದು ತುದಿಯಲ್ಲಿ ಗೌರಿ ಇದ್ದಳು.

ಗೌರಿ ಹಸು ನಿಧಾನಸ್ಥೆ. ಮೊದಲು ಅಂಗಳಕ್ಕೆ ಬಂದು, ರಂಗೋಲಿಯನ್ನು ಜಾಣತನದಿಂದ ಬಳಸಿ ನಡೆದು, ಗ್ರಾಫ್ ಪುಸ್ತಕದ ಹಾಳೆಗಳನ್ನು ಎಕ್ಸ್ ಅಕ್ಷ ವೈ ಅಕ್ಷ ಎಂಬ ಭೇದವೆಣಿಸದೆ ಮೆದ್ದಳು. ಆಮೇಲೆ ಬಾಲ ಎತ್ತಿ ಮೂಡಲಪಾಳ್ಯದ ದಾರಿ ಹಿಡಿದಳು.

“ಅಯ್ಯೋ ಸೋಮಿ! ಗೂಟದ ಮ್ಯಾಲೆ ಸುತ್ತಿಟ್ಟಿರೋ ಹಳೇ ಹಗ್ಗ ಅಂದ್ರೆ, ದನದ ಕತ್ತಿಂದು ಯಾಕ್ ಬಿಚ್ಚಿದ್ರಿ! ಸರ್ಯಾಗಿ ಒಂದು ಮಾತು ಕೇಳ್ಬಾರ್ದಾ?” ಚಿಕ್ಕಲಕ್ಷ್ಮಮ್ಮ ಎದೆ ಬಡಿದುಕೊಂಡಳು.

ಮೇಷ್ಟ್ರು ಪಂಚೆ ಎತ್ತಿಕಟ್ಟಿ ಓಡಿದರು. ಹಸು ನಿಂತರೆ ಇವರು ನಿಲ್ಲುವರು, ಇವರು ಹತ್ತಿರ ಹೋದರೆ ಹಸು ಓಡುವುದು. ಮೂಡಲಪಾಳ್ಯದ ರಾಗಿಹೊಲದಲ್ಲಿ ಅದಕ್ಕೆ ಹೊಟ್ಟೆ ತುಂಬಿ, ತಾನಾಗಿಯೇ ಮನೆಯ ನೆನಪಾಗುವ ಹೊತ್ತಿಗೆ ಹೊತ್ತು ವಾಲಿತ್ತು. ಹಸುವನ್ನು ಒಪ್ಪಿಸಿ, ಸೈಕಲ್ ತುಳಿದು, ಶಾಲೆ ಸೇರಿದಾಗ ಐದಕ್ಕೆ ಹತ್ತು ನಿಮಿಷ. ಪಂಚೆಯ ಮೇಲೆ ಸಗಣಿ, ಮೂಗಿನ ಮೇಲೆ ರಂಗೋಲಿ, ಹೊಟ್ಟೆಯಲ್ಲಿ ಏನೂ ಇಲ್ಲ, ಆ ಕಿಚ್ಚೊಂದನ್ನು ಬಿಟ್ಟು.

ಗೇಟಿನಲ್ಲೇ ಚಕ್ರಪಾಣಿ. “ಸಾರ್, ಯೋಚನೆ ಮಾಡ್ಬೇಡಿ. ನಿಮ್ಮ ಮಧ್ಯಾಹ್ನದ ಪೀರಿಯಡ್ಡು ನಾನೇ ತಗೊಂಡೆ. ಮೈನಸ್ ಎಕ್ಸ್ ವರ್ಗ ಬಂದರೆ ಬೊಗಸೆ ಹೇಗೆ ಕವುಚಿಕೊಳ್ಳುತ್ತೆ ಅಂತ ತೋರಿಸ್ದೆ. ಮಕ್ಕಳು ಚಪ್ಪಾಳೆ ಹೊಡೆದ್ವು ಸಾರ್! ಹಾಂ, ಅರ್ಜಿನೂ ಕೊಟ್ಬಿಟ್ಟೆ.”

ಮಕ್ಕಳು ಚಪ್ಪಾಳೆ ಹೊಡೆದವು! ಬೀಜಗಣಿತಕ್ಕೆ! ಮೇಷ್ಟ್ರ ಕಿವಿಯಲ್ಲಿ ಗುಂಯ್ ಎಂದಿತು. ನೇರ ಆಫೀಸಿಗೆ ನುಗ್ಗಿ, ಕೆಂಚಪ್ಪನ ಮೇಜಿನ ಮೇಲಿದ್ದ ಕಾಗದವನ್ನೇ ಎಳೆದುಕೊಂಡು, ನಿಂತ ಕಾಲಲ್ಲಿ ಗೀಚಿದರು. ಒಂದು ಇಂಗ್ಲಿಷ್ ಅಕ್ಷರವಿಲ್ಲ, ಒಂದು ಪದ ಹೆಚ್ಚಿಲ್ಲ:

‘ವಿಷಯ: ವರ್ಗ, ಪರವಲಯ. ಮಾನ್ಯರೆ, ಮೇಲ್ಕಂಡದ್ದನ್ನು ಶ್ರೀ ಚಕ್ರಪಾಣಿಯವರಿಗೆ ಕೊಡದೆ, ಹದಿನೆಂಟು ವರ್ಷಗಳಿಂದ ಇಲ್ಲಿ ಸೇವೆ ಸಲ್ಲಿಸಿರುವ ನನಗೇ ಹಿರಿತನದ ಮೇಲೆ ದಯಪಾಲಿಸಬೇಕು. ಸೋಮವಾರವೇ ಸಿದ್ಧನಿದ್ದೇನೆ.’

ಕೆಂಚಪ್ಪ ಓದಿದ. ಇನ್ನೊಂದು ಸಲ ಓದಿದ. ಅಚ್ಚಕನ್ನಡಕ್ಕೆ ಅವನ ಕಣ್ಣು ತುಂಬಿ ಬಂತು. ಆದರೂ ಕೇಳಿದ, “ಸಾರ್, ಯೋಚನೆ ಮಾಡಿ ಬರೆದಿದೀರಾ?”

“ಹದಿನೆಂಟು ವರ್ಷ ಯೋಚನೆ ಮಾಡಿದೀನಿ ಕಣಯ್ಯ.”

“ಮನೇಲಿ ಅಮ್ಮಾವ್ರಿಗೆ ಗೊತ್ತಾ?”

“ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು! ಮಧ್ಯಾಹ್ನವೆಲ್ಲ ಅದೇ ಆಯ್ತು.”

“ಈ ವಯಸ್ಸಲ್ಲಿ ಕಷ್ಟ ಆಗಲ್ವಾ ಸಾರ್?”

“ವಯಸ್ಸು ಯಾಕೆ ತೆಗೀತೀಯ? ಕೈ ನಡುಗುತ್ತೆ ಅಂತ ಯಾರಾದ್ರೂ ಹೇಳಿದ್ರಾ?”

“ಛೆ ಛೆ, ಹಾಗಲ್ಲ. ಪಾಪ, ಚಕ್ರಪಾಣಿ ಸಾರು ತುಂಬ ಆಸೆ ಇಟ್ಕೊಂಡಿದ್ರು. ಇರೋದು ಒಂದೇ. ಇಬ್ಬರು ಕೇಳಿದ್ರೆ ಹಿರಿತನವೇ ನಡೆಯೋದು.”

“ಅದಕ್ಕೇ ತಾನೆ ಬರೆದಿದ್ದು! ತಗೊಂಡು ಹೋಗು, ತಗೊಂಡು ಹೋಗು.”

ಕೆಂಚಪ್ಪ ಒಳಗೆ ಹೋದ. ಅರೆಬಾಗಿಲ ಸಂದಿಯಿಂದ ಸೆಕ್ರೆಟರಿಯ ಕರಿಟೋಪಿ ಕಾಣಿಸುತ್ತಿತ್ತು. ಮೇಷ್ಟ್ರು ಬೆಂಚಿನ ಮೇಲೆ ಕೂತು ಮನೆದೇವರನ್ನು ನೆನೆದರು. ತನಗೆ ಸಿಗಲಿ ಎಂದು ಬೇಡಲು ಹೋಗಿ, ಅವನಿಗೆ ಸಿಗದಿರಲಿ ಎಂದು ಬೇಡಿಕೊಂಡರು. ಎರಡೂ ಒಂದೇ ಎಂದು ಅವರ ಲೆಕ್ಕ.

ಐದೂ ಕಾಲಿಗೆ ಕೆಂಚಪ್ಪ ನಗುತ್ತ ಹೊರಗೆ ಬಂದ. “ಆಯ್ತು ಸಾರ್, ನಿಮಗೇ ಆಯ್ತು!”

ಆ ಗಳಿಗೆಯಲ್ಲಿ ಲಕ್ಷ್ಮೀಪತಿ ಮೇಷ್ಟ್ರಿಗೆ ಆದ ಸುಖ ದೊಡ್ಡದು. ಸೀತಾ, ಇನ್‌ಸ್ಪೆಕ್ಟರು, ಅಂಬುಜಾ, ಕೊನೆಗೆ ಗೌರಿ ಹಸುವಿನ ಮೇಲೂ ಪ್ರೀತಿ ಉಕ್ಕಿತು. ಕಾಗದ ಬಿಡಿಸಿ ಓದಿದರು.

‘ಉಪಾಧ್ಯಾಯ ಶ್ರೀ ಲಕ್ಷ್ಮೀಪತಿಯವರನ್ನು ಅವರ ಸ್ವಂತ ಕೋರಿಕೆಯ ಮೇರೆಗೆ ಪರವಲಯದ ಹುಲ್ಲೇನಹಳ್ಳಿ ಶಾಲೆಗೆ ವರ್ಗ ಮಾಡಲಾಗಿದೆ. ಸೋಮವಾರ ಬೆಳಿಗ್ಗೆ ಹಾಜರಾಗತಕ್ಕದ್ದು.’

“ಇದೇನಯ್ಯ ಇದು?”

“ನೀವೇ ಕೇಳಿದ್ದಲ್ವಾ ಸಾರ್? ನಮ್ಮ ಸಂಘದ ಊರೊಳಗಿನ ನಾಲ್ಕು ಶಾಲೆ ಸಿಟಿ ಜೋನು, ಊರಾಚೆ ಇರೋ ಹುಲ್ಲೇನಹಳ್ಳಿ ಒಂದೇ ಔಟರ್ ಜೋನು ಅಂತ ಇತ್ತು. ಹೋದ ತಿಂಗಳು ನಾನೇ ಕೂತು ಸ್ವವಲಯ, ಪರವಲಯ ಅಂತ ಕನ್ನಡ ಮಾಡಿದೆ. ಟ್ರಾನ್ಸ್‌ಫರ್‌ಗೆ ವರ್ಗ ಅಂತೂ ಮೊದಲಿಂದ್ಲೂ ಇದ್ದೇ ಇದೆ.” ಕೆಂಚಪ್ಪನ ಮುಖ ಬೆಳಗುತ್ತಿತ್ತು. “ಈ ಪದಗಳನ್ನ ತಪ್ಪಿಲ್ಲದೆ ಬಳಸಿದ ಮೊದಲನೇ ಮೇಷ್ಟ್ರು ನೀವೇ ಸಾರ್!”

ಹುಲ್ಲೇನಹಳ್ಳಿ! ಸುಂಕದಕಟ್ಟೆ ದಾಟಿ, ಮಾಗಡಿ ರಸ್ತೆಯಲ್ಲಿ ಬಸ್ಸು ಸುಸ್ತಾಗುವವರೆಗೂ ಹೋಗಿ, ಇಳಿದು, ನಾಲ್ಕು ಮೈಲಿ ನಡೆಯಬೇಕು. ಮೇಷ್ಟ್ರು ಒಳಗೆ ನುಗ್ಗಿ ಸೆಕ್ರೆಟರಿಯ ಮುಂದೆ ಕೈಮುಗಿದು, ವರ್ಗ ಎಂದರೆ ಎಕ್ಸ್ ವರ್ಗ, ಪರವಲಯ ಎಂದರೆ ಬೊಗಸೆ, ಚೆಂಡು, ಪ್ರಭಾವಳಿ ಎಂದು ಏನೇನೋ ತೊದಲಿದರು. ಸೆಕ್ರೆಟರಿ ಅವರ ಮೂಗಿನ ರಂಗೋಲಿಯನ್ನೂ ಪಂಚೆಯ ಸಗಣಿಯನ್ನೂ ನೋಡಿದರು. “ಹಳ್ಳಿ ಮೇಲೆ ನಿಮಗಿರೋ ಪ್ರೀತಿ ನೋಡಿದ್ರೇ ತಿಳಿಯುತ್ತೆ,” ಎಂದರು. “ಕೇಳಿ ಪಡೆದ ವರ್ಗ ಮೂರು ವರ್ಷ ಬದಲಾಯಿಸೋ ಪದ್ಧತಿ ಇಲ್ಲ. ಹೋಗಿ ಬನ್ನಿ, ಒಳ್ಳೇದಾಗಲಿ.”

ಹೆಡ್ಮಾಸ್ಟರು ಹೊರಗಿನವರೆಗೂ ಬಂದು ಬೆನ್ನು ಸವರಿದರು. “ಎಂಥ ಕೆಲಸ ಮಾಡಿದ್ರಿ ಲಕ್ಷ್ಮೀಪತಿ! ಮಾದರಿ ಪಾಠಕ್ಕೆ ಒಬ್ಬರೂ ಅರ್ಜಿ ಹಾಕಿರಲಿಲ್ಲ. ಹಿರಿಯರು ಅಂತ ನಿಮ್ಮ ಹೆಸರನ್ನೇ ಬರೆಸಿಟ್ಟಿದ್ದೆ. ಈಗ ಹೊಡೆದುಹಾಕಿ ಚಕ್ರಪಾಣಿ ಹೆಸರು ಹಾಕ್ಬೇಕಾಯ್ತು.”

ಚಕ್ರಪಾಣಿ ಮೆಟ್ಟಿಲ ಮೇಲೆ ತಲೆಗೆ ಕೈಹೊತ್ತು ಕೂತಿದ್ದ. ನಗುಮುಖ ಮಾಯವಾಗಿತ್ತು.

“ನನ್ನಾಕೆ ಹುಲ್ಲೇನಹಳ್ಳಿ ಆಸ್ಪತ್ರೇಲಿ ನರ್ಸು ಸಾರ್. ಮದುವೆ ಆಗಿ ಎಂಟು ತಿಂಗಳಾಯ್ತು, ಶನಿವಾರ ಬಸ್ಸಲ್ಲಿ ಹೋದ್ರೆ ಭಾನುವಾರ ಒಂದಿನ ಮುಖ ನೋಡೋದು. ಅಲ್ಲಿಗೆ ವರ್ಗ ಆಗ್ಲಿ ಅಂತ ಹರಕೆ ಹೊತ್ತಿದ್ದೆ. ಈಗ ನೀವು ದಿನಾ ಅವಳ ಆಸ್ಪತ್ರೆ ಮುಂದೆ ಓಡಾಡ್ತೀರಿ, ನಾನು ಇಲ್ಲಿ ಇನ್‌ಸ್ಪೆಕ್ಟರ್ ಮುಂದೆ ಪರವಲಯ ಬರೀಬೇಕು.” ಕಣ್ಣೊರೆಸಿಕೊಂಡ. “ತಪ್ಪು ತಿಳೀಬೇ‌ಡಿ ಸಾರ್. ನಿಮ್ಮನ್ನ ನೋಡಿದ್ರೆ ನನಗೆ ಹೊಟ್ಟೆ ಉರಿಯುತ್ತೆ.”

ಹದಿನೆಂಟು ವರ್ಷಗಳಲ್ಲಿ ಲಕ್ಷ್ಮೀಪತಿ ಮೇಷ್ಟ್ರನ್ನು ಕಂಡು ಯಾರಿಗೂ ಹೊಟ್ಟೆ ಉರಿದಿರಲಿಲ್ಲ. ಒಬ್ಬರಿಗಾದರೂ ಉರಿಯಲಿ ಎಂದು ಅವರು ಒಳಗೊಳಗೇ ಎಷ್ಟು ಸಲ ಬೇಡಿದ್ದರೋ. ದೇವರು ಅದನ್ನೂ ಕೊಟ್ಟ, ಕೇಳಿದ ಅಳತೆಗೆ ಒಂದು ಹಿಡಿ ಹೆಚ್ಚಾಗಿಯೇ.

ಸೈಕಲ್ ತಳ್ಳಿಕೊಂಡು ಬೀದಿಯ ಕಡೆಯಿಂದ ಮನೆಯ ಮುಂದೆ ಬಂದು ನಿಂತಾಗ ದೇವರ ಮುಂದಿನ ದೀಪ ಹಚ್ಚಿಯಾಗಿತ್ತು. ಅಂಗಳದಲ್ಲಿ ಮಧ್ಯಾಹ್ನದ ರಂಗೋಲಿ ಇನ್ನೂ ಮಾಸಿರಲಿಲ್ಲ. ಹೊಸ್ತಿಲಲ್ಲಿ ನಿಂತಾಗ ತೀರ್ಥಕ್ಕೆ ಚಾಚಿದ ಬೊಗಸೆಯಾಗಿದ್ದದ್ದು, ಬೀದಿಯಿಂದ ನೋಡಿದರೆ ಕವುಚಿ ಹಾಕಿದ ಬಾಂಡ್ಲಿಯಾಗಿತ್ತು. ಯಾರೂ ಮೈನಸ್ ಹಾಕಿರಲಿಲ್ಲ. ಗೆರೆ ಇದ್ದಲ್ಲೇ ಇತ್ತು.

ಚಿಕ್ಕಲಕ್ಷ್ಮಮ್ಮ ಬೇಲಿಯಾಚೆ ಕಿವಿ ನೆಟ್ಟು ನಿಂತಿದ್ದಳು. ಗೌರಿ ಮೆಲುಕು ಹಾಕುತ್ತಿದ್ದಳು, ಬಹುಶಃ ಗ್ರಾಫ್ ಕಾಗದವನ್ನೇ. ಅಂಬುಜಮ್ಮ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದರು.

“ಸಿಕ್ತೇನ್ರೀ ಪರವಲಯ?”

“ಸಿಕ್ತು ಕಣೇ,” ಎಂದರು ಮೇಷ್ಟ್ರು. “ಸೋಮವಾರ ಬೆಳಿಗ್ಗೆ ಬಸ್ಸು ಐದೂವರೆಗಂತೆ.”